ಹತ್ತು ವರ್ಷದ ಲೆಕ್ಕ

ನವೆಂಬರ್ ಬಂತೆಂದರೆ ನಮ್ಮ ಗೋಕುಲ ರಸ್ತೆಯ ಬ್ಯಾಂಕುಗಳ ಮುಂದೆ ಬೆಳಿಗ್ಗೆ ಒಂದು ಬೇರೆಯೇ ಸಾಲು ಕಾಣುತ್ತೆ. ಸ್ವೆಟರು, ಮಂಕಿ ಕ್ಯಾಪು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಪಿಪಿಓ ಅನ್ನೋ ಪೆನ್ಷನ್ ಆದೇಶದ ಜೆರಾಕ್ಸು. "ನಾನು ಇನ್ನೂ ಬದುಕಿದ್ದೇನೆ" ಎಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ತಿಳಿಸುವ ತಿಂಗಳು ಅದು. 2014ರಲ್ಲಿ 'ಜೀವನ್ ಪ್ರಮಾಣ್' ಬಂದ ಮೇಲೆ ಬೆರಳಚ್ಚು ಕೊಟ್ಟರೂ ಸಾಕು. ಆದರೂ ಹಿರಿಯರಿಗೆ ಕೌಂಟರಿನಲ್ಲಿ ಮುಖ ತೋರಿಸಿ ಬಂದರೇನೇ ಸಮಾಧಾನ.

ಆ ಸಾಲಿನಲ್ಲಿ ನಮ್ಮ ಓಣಿಯ ಕಾಕಾ ಯಾವತ್ತೂ ನಿಂತಿಲ್ಲ. 1967ರಲ್ಲಿ ನೌಕಾಪಡೆ ಸೇರಿ, 10 ವರ್ಷ ಹಡಗಿನಲ್ಲಿದ್ದು, 1977ರಲ್ಲಿ ಹೊರಬಂದವರು. ಆಮೇಲೆ ಇದೇ ರಸ್ತೆಯ ಕೈಗಾರಿಕಾ ಎಸ್ಟೇಟಿನ ಒಂದು ಲೇತ್ ವರ್ಕ್‌ಶಾಪಿನಲ್ಲಿ ದುಡಿದರು. ಹೋದ ದೀಪಾವಳಿಗೆ ಅವರ ಮನೆಗೆ ಹೋದಾಗ ಕೇಳಿದೆ, "ಕಾಕಾ, ನಿಮಗ ಮಿಲಿಟರಿ ಪೆನ್ಷನ್ ಬರೂದಿಲ್ಲೇನ್ರಿ?"

"ಹತ್ತ ವರ್ಷಕ್ಕ ಯಾರ್ ಕೊಡ್ತಾರೋ ತಮ್ಮಾ? ಹದಿನೈದು ಆಗಬೇಕು. ಗ್ರಾಚ್ಯುಟಿ ಕೊಟ್ರು, ತಂಗಿ ಮದಿವಿ ಆತು, ಮುಗೀತು."

ಮುಗೀತು ಅಂದರು. ಆದರೆ ಟ್ರಂಕಿನಿಂದ ಡಿಸ್ಚಾರ್ಜ್ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟರು. ಮುಗಿದ ವಿಷಯದ ಕಾಗದವನ್ನು ಯಾರೂ ಅಷ್ಟು ಜೋಪಾನವಾಗಿ ಇಟ್ಟುಕೊಂಡಿರೋದಿಲ್ಲ. ಅವತ್ತಿನಿಂದ ನಾನು ಈ 10 ಮತ್ತು 15ರ ಹಿಂದೆ ಬಿದ್ದೆ.

ಸೈನಿಕನಿಗೆ ಮುಪ್ಪಿನಲ್ಲಿ ಏನಾದರೂ ಕೊಡಬೇಕು ಅನ್ನೋ ಯೋಚನೆ ನಮ್ಮಲ್ಲಿ ಹಳೆಯದು. ಈಸ್ಟ್ ಇಂಡಿಯಾ ಕಂಪನಿ ಕಾಲದಲ್ಲಿ ರಾಬರ್ಟ್ ಕ್ಲೈವ್ ತನಗೆ ಮೀರ್ ಜಾಫರ್‌ನಿಂದ ಬಂದ 5 ಲಕ್ಷ ರೂಪಾಯಿಯನ್ನು ಗಾಯಾಳು ಸೈನಿಕರಿಗೆ, ವಿಧವೆಯರಿಗೆ ಎಂದು ತೆಗೆದಿಟ್ಟ. 1770ರಲ್ಲಿ ಅದು 'ಲಾರ್ಡ್ ಕ್ಲೈವ್ಸ್ ಫಂಡ್' ಆಯಿತು. ಅದರ ಲಾಭ ಹೆಚ್ಚಾಗಿ ಬಿಳಿಯರಿಗೆ. ನಮ್ಮ ಸಿಪಾಯಿಗಳಿಗೆ ಭಾಗಲ್ಪುರದ ಕಡೆ ಜಮೀನು ಕೊಟ್ಟು ಕೂರಿಸಿದರು. ಇದರಲ್ಲಿ ಕರುಣೆ ಕಡಿಮೆ, ಲೆಕ್ಕಾಚಾರ ಜಾಸ್ತಿ. ಹಿರಿಯನ ಕೈಗೆ ನಾಲ್ಕು ಕಾಸು ಬರುತ್ತಿದ್ದರೆ ಅದೇ ಊರಿನ ಹುಡುಗರು ಪಡೆಗೆ ಬರುತ್ತಾರೆ.

ಇನ್ನೊಂದು ಲೆಕ್ಕ ಬಂದದ್ದು ಬ್ರಿಟನ್ನಿನಿಂದ. ಯುದ್ಧವಿಲ್ಲದಾಗಲೂ ದೊಡ್ಡ ಸೈನ್ಯಕ್ಕೆ ಪೂರ್ತಿ ಸಂಬಳ ಯಾಕೆ? 1870ರಲ್ಲಿ ಅಲ್ಲಿ ಸೈನಿಕನ ಕರಾರನ್ನು ಎರಡು ತುಂಡು ಮಾಡಿದರು. ಮೊದಲ ಕೆಲವು ವರ್ಷ ಪಡೆಯಲ್ಲಿ, ಉಳಿದ ವರ್ಷ 'ರಿಸರ್ವ್'ನಲ್ಲಿ. ರಿಸರ್ವ್ ಅಂದರೆ ಊರಿಗೆ ಹೋಗು, ನಿನ್ನ ಕೆಲಸ ನೀನು ಮಾಡ್ಕೋ, ಆದರೆ ಕರೆದ ದಿನ ಬರಬೇಕು. ಭಾರತದಲ್ಲೂ 1888ರಲ್ಲಿ ರಿಸರ್ವ್ ಪಡೆಗಳ ಕಾಯ್ದೆ ಬಂತು. ಇವತ್ತಿನ ಭಾಷೆಯಲ್ಲಿ ಹೇಳಬೇಕೆಂದರೆ ಅದು ಆನ್-ಕಾಲ್ ಡ್ಯೂಟಿ. ಲ್ಯಾಪ್‌ಟಾಪ್ ಮುಚ್ಚಿರಬಹುದು, ಫೋನ್ ಮಾತ್ರ ಆಫ್ ಮಾಡುವಂತಿಲ್ಲ.

ಸ್ವಾತಂತ್ರ್ಯದ ನಂತರವೂ ಇದೇ ಏರ್ಪಾಡು ಮುಂದುವರಿಯಿತು. ಭೂಸೇನೆಯ ಪಿಂಚಣಿ ನಿಯಮಗಳು 1961ರಲ್ಲಿ, ನೌಕಾಪಡೆಯವು 1964ರಲ್ಲಿ ಬಂದವು. ಅಧಿಕಾರಿಗಳಲ್ಲದವರಿಗೆ ಪೂರ್ಣ ಸೇವಾ ಪಿಂಚಣಿ ಬೇಕೆಂದರೆ 15 ವರ್ಷ ಸೇವೆ ಆಗಿರಬೇಕು, ಅಧಿಕಾರಿಗಳಿಗೆ 20. ಅದಕ್ಕಿಂತ ಮೊದಲು ಹೊರಬಂದರೆ ಗ್ರಾಚ್ಯುಟಿ ಅಷ್ಟೇ. ಆದರೆ ಪಡೆಯ ಸೇವೆ ಮತ್ತು ರಿಸರ್ವ್ ಸೇವೆ ಎರಡನ್ನೂ ಕರಾರಿನಂತೆ ಮುಗಿಸಿದವನಿಗೆ 'ರಿಸರ್ವಿಸ್ಟ್ ಪಿಂಚಣಿ' ಅಂತ ಇತ್ತು. ಕಾಯುತ್ತಾ ಕೂತ ವರ್ಷಗಳಿಗೂ ಬೆಲೆ ಇತ್ತು.

ಕಾಕಾ ಸೇರಿದ್ದು ಈ ನಿಯಮದ ಕಾಲದಲ್ಲಿ. 10 ವರ್ಷ ಹಡಗಿನಲ್ಲಿ, ನಂತರ ಬೇಕಾದರೆ 10 ವರ್ಷ 'ಫ್ಲೀಟ್ ರಿಸರ್ವ್'ನಲ್ಲಿ. ಅವರ 10 ವರ್ಷ ತುಂಬೋದಕ್ಕೆ ಮೊದಲೇ, 1976ರ ಜುಲೈ 3ರಂದು, ಸರ್ಕಾರ ಫ್ಲೀಟ್ ರಿಸರ್ವ್‌ಗೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿತು. ಹೊಸಬರಿಗೆ ತೊಂದರೆ ಇಲ್ಲ, ಅವರ ಸೇವೆಯ ಅವಧಿಯನ್ನೇ 15ಕ್ಕೆ ಏರಿಸಿದ್ದರು. ಹಳೆ ಕರಾರಿನಲ್ಲಿ ಒಳಗೆ ಹೋಗಿ ಹೊಸ ನಿಯಮದ ಕಾಲದಲ್ಲಿ ಹೊರಬಂದವರು ಮಾತ್ರ ನಡುವೆ ಸಿಕ್ಕಿಬಿದ್ದರು. 15 ಆಗಿಲ್ಲ ಅಂತ ಸೇವಾ ಪಿಂಚಣಿ ಇಲ್ಲ. ರಿಸರ್ವೇ ಇಲ್ಲ ಅಂದಮೇಲೆ ರಿಸರ್ವಿಸ್ಟ್ ಪಿಂಚಣಿಯೂ ಇಲ್ಲ.

ಇಂಥ ನಾವಿಕರ ಅರ್ಜಿಗಳು ಸಶಸ್ತ್ರ ಪಡೆಗಳ ನ್ಯಾಯಮಂಡಳಿ ದಾಟಿ ಸುಪ್ರೀಂ ಕೋರ್ಟ್ ಮುಟ್ಟಿದವು. ಟಿ.ಎಸ್. ದಾಸ್ ಮತ್ತು ಇತರರು ಕೇಂದ್ರ ಸರ್ಕಾರದ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ 2016ರ ಅಕ್ಟೋಬರ್ 27ರಂದು ತೀರ್ಪು ಬಂತು. ರಿಸರ್ವ್‌ಗೆ ಸೇರುವುದು ತಾನಾಗೇ ಸಿಗುವ ಹಕ್ಕಲ್ಲ, ಹಾಗಾಗಿ ರಿಸರ್ವಿಸ್ಟ್ ಪಿಂಚಣಿ ಇಲ್ಲ ಅಂದಿತು ಕೋರ್ಟು. ಆದರೆ ಬಾಗಿಲು ಪೂರ್ತಿ ಮುಚ್ಚಲಿಲ್ಲ. 1976ರ ಜುಲೈ 3ಕ್ಕೆ ಮೊದಲು ಸೇರಿ, ಆ ದಿನ ಅಥವಾ ಆಮೇಲೆ ಅವಧಿ ಮುಗಿದವರು, ತಾವಾಗಿಯೇ ಬಿಡುಗಡೆ ಆಯ್ಕೆ ಮಾಡಿಕೊಂಡಿರದಿದ್ದರೆ, ಆ ನೀತಿಯ ಕಾರಣಕ್ಕಷ್ಟೇ ರಿಸರ್ವ್‌ಗೆ ಹೋಗಲಾಗದಿದ್ದರೆ, 'ವಿಶೇಷ ಪಿಂಚಣಿ'ಗೆ ಅರ್ಹರಾಗಬಹುದು ಎಂದಿತು.

ಇದನ್ನು ಓದಿ ಅವತ್ತೇ ಸಂಜೆ ಕಾಕಾನ ಮನೆಗೆ ಓಡಿದೆ. ಡಿಸ್ಚಾರ್ಜ್ ಪುಸ್ತಕ ಮತ್ತೆ ಬಿಡಿಸಿದೆವು. 'ಅವಧಿ ಮುಗಿದಿದ್ದರಿಂದ' ಅಂತ ಬರೆದಿದೆ. ಅದು ಸಾಕಾ? ಮುಂದುವರಿಯಲು ಇಷ್ಟ ಇದೆಯಾ ಇಲ್ಲವಾ ಅಂತ ಆಗ ಕೇಳಿದ್ದರಾ? ಕೇಳಿದ್ದರೆ ಇವರು ಏನಂತ ಬರೆದುಕೊಟ್ಟಿದ್ದರು?

"ಯಾವ್ಯಾವ ಕಾಗದಕ್ಕ ಸಹಿ ಮಾಡೀನೋ ನನಗ ನೆನಪಿಲ್ಲಪಾ," ಅಂದರು ಕಾಕಾ. "ಊರಿಗೆ ಹೋಗೂ ಖುಷಿಯೊಳಗ ಇದ್ದೆ."

27 ವರ್ಷದ ಹುಡುಗ ಊರಿಗೆ ಹೋಗೋ ಖುಷಿಯಲ್ಲಿ ಹಾಕಿದ ಒಂದು ಸಹಿ, 75ರ ಮುದುಕನ ತಿಂಗಳ ಔಷಧಿಯನ್ನು ತೀರ್ಮಾನಿಸುತ್ತೆ.

ಕಾಕಾನ ವಯಸ್ಸಿನ ಬ್ರಿಟಿಷ್ ನಾವಿಕರ ಕಥೆ ನೋಡಿ. ಅಲ್ಲೂ ಮೊದಲು ಮಧ್ಯದಲ್ಲಿ ಬಿಟ್ಟು ಬಂದವರಿಗೆ ಪಿಂಚಣಿ ಇರಲಿಲ್ಲ. 1975ರ ಏಪ್ರಿಲ್‌ನಿಂದ ನಿಯಮ ಬದಲಾಯಿತು. 26 ವರ್ಷ ವಯಸ್ಸಾಗಿ 5 ವರ್ಷ ಸೇವೆ ಆಗಿದ್ದರೆ ಆವರೆಗಿನ ಪಿಂಚಣಿಯನ್ನು ಕಾಯ್ದಿಟ್ಟು 60ನೇ ವಯಸ್ಸಿಗೆ ಕೊಡುತ್ತಾರೆ. 1988ರಿಂದ 2 ವರ್ಷ ಸೇವೆ ಆಗಿದ್ದರೂ ಸಾಕು. ಒಂದೇ ಷರತ್ತು, ಅದನ್ನು ಅರ್ಜಿ ಹಾಕಿ ಕೇಳಿ ಪಡೆಯಬೇಕು. ಕಾಕಾ 1977ರಲ್ಲಿ ಆ ನೌಕಾಪಡೆಯಿಂದ ಹೊರಬಂದಿದ್ದರೆ 10 ವರ್ಷಕ್ಕೆ 10 ವರ್ಷದಷ್ಟು ಸಿಗುತ್ತಿತ್ತು. ನಮ್ಮಲ್ಲಿ 15ಕ್ಕೆ ಪೂರ್ತಿ, 14ಕ್ಕೆ ಗ್ರಾಚ್ಯುಟಿ. ಸ್ವಲ್ಪ ಕಮ್ಮಿ ಬಿದ್ದರೆ ಮನ್ನಾ ಮಾಡುವ ಅವಕಾಶ ಇದೆ, 5 ವರ್ಷಕ್ಕೆ ಇಲ್ಲ.

ಇದನ್ನೆಲ್ಲ ಓದುತ್ತಿರುವ ನಿಮಗೆ "ನಾವೇನು ಮಿಲಿಟರಿಯವರಲ್ಲವಲ್ಲ" ಅನಿಸಬಹುದು. ನಿಮ್ಮ ಪೇಸ್ಲಿಪ್ ತೆಗೆಯಿರಿ. ಪಿಎಫ್‌ಗೆ ಕಂಪನಿ ಹಾಕುವ 12%ರಲ್ಲಿ 8.33% ಪೆನ್ಷನ್ ಖಾತೆಗೆ ಹೋಗುತ್ತೆ. 15,000 ರೂಪಾಯಿ ಮಿತಿ ಇರುವುದರಿಂದ ತಿಂಗಳಿಗೆ 1,250. ಇದು 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆ. 2014ರ ಸೆಪ್ಟೆಂಬರ್ ನಂತರ ಹೊಸದಾಗಿ, 15,000ಕ್ಕಿಂತ ಹೆಚ್ಚಿನ ಪಿಎಫ್ ಸಂಬಳಕ್ಕೆ ಸೇರಿದವರು ಇದರಲ್ಲಿಲ್ಲ. ಉಳಿದವರಿಗೆ ಒಟ್ಟು 10 ವರ್ಷ ಆದರೆ 58ಕ್ಕೆ ತಿಂಗಳ ಪಿಂಚಣಿ. ಅಂದರೆ ಬ್ರಿಟಿಷ್ ನಾವಿಕನಂಥದ್ದೇ ಕಾಯ್ದಿಟ್ಟ ಪಿಂಚಣಿ ನಮಗಿದೆ. ಸೂತ್ರ ಸರಳ: ಪಿಂಚಣಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. 15,000ಕ್ಕೆ 10 ವರ್ಷ ಅಂದರೆ ಸುಮಾರು 2,143 ರೂಪಾಯಿ. ದೊಡ್ಡ ಮೊತ್ತವೇನಲ್ಲ. ಆದರೆ ಸಾಯೋವರೆಗೆ ಬರುತ್ತೆ, ಆಮೇಲೆ ಹೆಂಡತಿಗೋ ಗಂಡನಿಗೋ ಬರುತ್ತೆ.

ನಾನು ಮೊದಲ ಕಂಪನಿ ಬಿಟ್ಟಾಗ 4 ವರ್ಷದ್ದನ್ನು 10-ಸಿ ಫಾರ್ಮ್ ತುಂಬಿ ವಾಪಸ್ ತಗೊಂಡೆ. ಅದೇ ಫಾರ್ಮಿನಲ್ಲಿ 'ಸ್ಕೀಮ್ ಸರ್ಟಿಫಿಕೇಟ್' ಅನ್ನೋ ಇನ್ನೊಂದು ಆಯ್ಕೆ ಇದೆ, ಅದನ್ನು ಆರಿಸಿದರೆ ಸೇವೆ ಉಳಿಯುತ್ತೆ ಅಂತ ಗೊತ್ತಿರಲಿಲ್ಲ. ಬೈಕಿನ ಡೌನ್ ಪೇಮೆಂಟ್ ಆಯ್ತು. ಆ 4 ವರ್ಷ ಲೆಕ್ಕದಿಂದ ಅಳಿಸಿಹೋಯ್ತು. ಕಾಕಾನ ಸಹಿ ಬಗ್ಗೆ ಮರುಗುವ ನಾನು ಹಾಕಿದ್ದೂ ಅಂಥದ್ದೇ ಸಹಿ.

1982ರ ಡಿಸೆಂಬರ್ 17ರಂದು ಡಿ.ಎಸ್. ನಾಕರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿ ದಾನವಲ್ಲ, ಮಾಡಿದ ಸೇವೆಗೆ ಬರಬೇಕಾದದ್ದು ಎಂದು ಹೇಳಿತು. ನಾಕರಾ ರಕ್ಷಣಾ ಇಲಾಖೆಯ ಹಣಕಾಸು ಸಲಹೆಗಾರರಾಗಿ ನಿವೃತ್ತರಾದವರು. ಆ ದಿನವನ್ನು ಈಗಲೂ ಪಿಂಚಣಿದಾರರ ದಿನ ಎಂದು ಆಚರಿಸುತ್ತಾರೆ. ಆದರೆ ಎಷ್ಟು ವರ್ಷಕ್ಕೆ ಸೇವೆ ಅನ್ನಿಸಿಕೊಳ್ಳುತ್ತೆ ಅನ್ನೋ ಗೆರೆಯನ್ನು ಎಳೆಯುವವರು ಬೇರೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥದಲ್ಲಿ 4 ವರ್ಷ ಸೇವೆ, ಸುಮಾರು 11.71 ಲಕ್ಷದ ಸೇವಾ ನಿಧಿ, ಪಿಂಚಣಿ ಇಲ್ಲ. ನಮ್ಮ ಹಳ್ಳಿ ಕಡೆ ಬೆಳಗಾವಿ ಮರಾಠಾ ಸೆಂಟರಿಗೆ ಓಡಲು ಬೆಳಿಗ್ಗೆ 5ಕ್ಕೆ ಏಳುವ ಹುಡುಗರು ಇನ್ನೂ ಇದ್ದಾರೆ. ಅವರಲ್ಲಿ ಮುಕ್ಕಾಲು ಪಾಲು 25ರ ಒಳಗೇ ಊರಿಗೆ ವಾಪಸ್ ಬರುತ್ತಾರೆ.

ಕಾಕಾನ ಅರ್ಜಿಯನ್ನು ಮುಂಬೈಯ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೈಲರ್ಸ್‌ಗೆ ಕಳಿಸಿದ್ದೇವೆ. ಡಿಸ್ಚಾರ್ಜ್ ಪುಸ್ತಕದ ಪ್ರತಿ, ತೀರ್ಪಿನ ಪ್ರತಿ, 1977ರ ಸೇವಾ ದಾಖಲೆಯ ನಕಲು ಕೊಡಿ ಎಂಬ ಕೋರಿಕೆ, ಎಲ್ಲ ಸೇರಿಸಿ ಸ್ಪೀಡ್ ಪೋಸ್ಟ್. ಆ ದಾಖಲೆಯಲ್ಲಿ ಏನಿದೆಯೋ ಅದರ ಮೇಲೆ ಎಲ್ಲ ನಿಂತಿದೆ.

ಪೋಸ್ಟಾಫೀಸಿನಿಂದ ಹೊರಗೆ ಬರುವಾಗ ಕಾಕಾ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು. "ಬಂದ್ರ ಬರ್ಲಿ, ಬಿಟ್ರ ಬಿಡ್ಲಿ. ನೀ ಮೊದ್ಲ ನಿನ್ನ ಕಾಗದ ಸರಿ ಮಾಡ್ಕೋ ತಮ್ಮಾ."

ಮನೆಗೆ ಬಂದು ಪಿಎಫ್ ಪೋರ್ಟಲ್‌ಗೆ ಲಾಗಿನ್ ಆಗಿ ಸೇವೆಯ ವಿವರ ತೆಗೆದೆ. 7 ವರ್ಷ 2 ತಿಂಗಳು.