ಮಿರಗದ ಕಾಲಡಿಯ ಮೊಲ

ಕೇಳುಗರೆ, ಜನವರಿಯ ಕೊನೆಯ ವಾರ ರಾತ್ರಿ ಒಂಬತ್ತರ ಸುಮಾರಿಗೆ, ಊಟ ಮುಗಿಸಿ, ಬೇಡಗದ ಹೊರಗೆ ಹೊಲದ ಬದುವಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿರಿ. ಊರಿನ ದೀಪಗಳು ಬೆನ್ನಿಗಿರಲಿ. ನೆತ್ತಿಗಿಂತ ತುಸು ಕೆಳಗೆ ಒಂದೇ ಸಾಲಿನಲ್ಲಿ ಮೂರು ಚುಕ್ಕೆಗಳಿವೆ. ಅವುಗಳ ಸುತ್ತ ನಾಲ್ಕು ಮೂಲೆಗೆ ನಾಲ್ಕು ದೊಡ್ಡ ಚುಕ್ಕೆಗಳು. ಕೆಳಗಿನ ಎರಡರ ಅಡಿಯಲ್ಲಿ ದಿಟ್ಟಿಸಿದರೆ ಮಂಕಾದ, ಓರೆಯಾದ ಇನ್ನೊಂದು ಸಣ್ಣ ಚೌಕ ಕಾಣುತ್ತದೆ. ಅದೇ ಮೊಲ. ಪುಸ್ತಕದವರು ಅದಕ್ಕೆ ಶಶ, ಶಶಕ ಎಂದು ಸಂಸ್ಕೃತದ ಹೆಸರಿಟ್ಟಿದ್ದಾರೆ.

ಈ ಮೊಲದ ಮೇಲೆ ನಿಂತವರು ಯಾರು? ಇಲ್ಲಿ ಒಂದು ತೊಡಕಿದೆ. ಗಡಿಯ ಒಂದೇ ಮನೆಯಲ್ಲಿ ಅಕ್ಕ ಮರಾಠಿ ಶಾಲೆಗೆ, ತಮ್ಮ ಕನ್ನಡ ಶಾಲೆಗೆ ಹೋಗುತ್ತಾರೆಂದು ತಿಳಿಯಿರಿ. ಆ ದೊಡ್ಡ ಚೌಕವನ್ನು ಅಕ್ಕ 'ಮೃಗ' ಅನ್ನುತ್ತಾಳೆ, ತಮ್ಮ 'ಮಹಾವ್ಯಾಧ' ಅನ್ನುತ್ತಾನೆ. ಒಬ್ಬರಿಗೆ ಜಿಂಕೆ, ಇನ್ನೊಬ್ಬರಿಗೆ ಬೇಟೆಗಾರ! ಇಬ್ಬರೂ ತಪ್ಪು ಓದಿಲ್ಲ.

ಅಕ್ಕನ ಹೆಸರು ಹಳೆಯದು. ಐತರೇಯ ಬ್ರಾಹ್ಮಣದಲ್ಲಿ ಈ ಕಥೆ ಬರುತ್ತದೆ. ಪ್ರಜಾಪತಿ ಗಂಡು ಜಿಂಕೆಯಾಗಿ ರೋಹಿಣಿಯ ಬೆನ್ನು ಹತ್ತಿದ. ಅವಳು ಅವನ ಮಗಳೇ. ದೇವತೆಗಳು ಸಿಟ್ಟಾದರು, ತಮ್ಮ ಉಗ್ರ ರೂಪಗಳನ್ನೆಲ್ಲ ಕೂಡಿಸಿ ಒಬ್ಬನನ್ನು ಹುಟ್ಟಿಸಿದರು. ಅವನು ಬಾಣ ಬಿಟ್ಟ. ಬಾಣ ತಿಂದ ಪ್ರಜಾಪತಿ ಮೃಗವಾದ, ಹೊಡೆದವನು ಮೃಗವ್ಯಾಧನಾದ, ಮೂರು ಗೆಣ್ಣಿನ ಬಾಣ ಆಕಾಶದಲ್ಲೇ ಉಳಿಯಿತು. ನೀವು ಮೊದಲು ನೋಡಿದ ಮೂರು ಚುಕ್ಕೆಗಳೇ ಆ ಬಾಣ. ಎಡಕ್ಕೆ, ಕೆಳಗೆ ಧಗಧಗಿಸುವ ಬಿಳಿ ಚುಕ್ಕೆಯೇ ವ್ಯಾಧ. ಸೂರ್ಯಸಿದ್ಧಾಂತ ಅವನ ಸ್ಥಾನವನ್ನು ಅಂಶಗಳಲ್ಲಿ ಹೇಳಿದೆ. ಲೋಕಮಾನ್ಯ ಟಿಳಕರು 1893ರಲ್ಲಿ 'ಓರಾಯನ್' ಎಂಬ ಇಂಗ್ಲಿಷ್ ಪುಸ್ತಕ ಬರೆದು, ಇದೇ ಮೃಗವನ್ನು ಹಿಡಿದು ವೇದದ ಕಾಲ ಅಳೆಯಲು ಹೊರಟರು. ಅವರ ಲೆಕ್ಕವನ್ನು ವಿದ್ವಾಂಸರೆಲ್ಲ ಒಪ್ಪಲಿಲ್ಲ, ಆ ಮಾತು ಬೇರೆ.

ತಮ್ಮನ ಹೆಸರಿನ ಬೇರು ಗ್ರೀಸ್ ದೇಶದಲ್ಲಿದೆ. ಅಲ್ಲಿಯವರಿಗೆ ದೊಡ್ಡ ಚೌಕವೇ ಬೇಟೆಗಾರ ಓರಾಯನ್. ಬಿಳಿ ಚುಕ್ಕೆ ಅವನ ನಾಯಿ. ನಾಯಿ ಅಟ್ಟುವುದು ಈ ಮೊಲವನ್ನು. ಎರಡನೆಯ ಶತಮಾನದ ಟಾಲೆಮಿ ಪಟ್ಟಿ ಮಾಡಿದ 48 ನಕ್ಷತ್ರಪುಂಜಗಳಲ್ಲಿ ಮೊಲವೂ ಒಂದು. ಹೊಸ ಖಗೋಲಶಾಸ್ತ್ರ ಕನ್ನಡಕ್ಕೆ ಬಂದಾಗ ಓರಾಯನ್ ಮಹಾವ್ಯಾಧನಾದ. ಆದರೆ ಹಳೆಯ ವ್ಯಾಧನೂ ಲುಬ್ಧಕ ಎಂಬ ಹೆಸರಿನಲ್ಲಿ ಉಳಿದ. ಲುಬ್ಧಕನೆಂದರೂ ಬೇಟೆಗಾರನೇ! ಹೀಗಾಗಿ ಕನ್ನಡದ ಆಕಾಶದಲ್ಲಿ ಬೇಟೆಗಾರರು ಇಬ್ಬರಾದರು, ಜಿಂಕೆ ಮಾಯವಾಯಿತು. ಮೃಗಶಿರ ಎಂಬ ತಲೆ ಉಳಿಯಿತು, ಮೈ ಇಲ್ಲ. ಈ ಒಂದು ವಿಷಯದಲ್ಲಿ ಮರಾಠಿ ಪುಸ್ತಕವೇ ಮನೆಯ ಮಾತನ್ನು ಕಾಪಾಡಿದೆ ಎನ್ನಲು ಕನ್ನಡಿಗನಾದ ನನಗೆ ಸಂಕೋಚವಿಲ್ಲ.

ಮೊಲಕ್ಕೆ ಮಾತ್ರ ನಮ್ಮ ಹಳೆಯ ಕಥೆಯಲ್ಲಿ ಜಾಗ ಸಿಕ್ಕಲಿಲ್ಲ. ನಮ್ಮ ಮೊಲ ಚಂದ್ರನಲ್ಲಿದೆ. ಅದಕ್ಕೇ ಅವನು ಶಶಿ, ಶಶಾಂಕ. ಚುಕ್ಕೆಯ ಮೊಲದ ಬಗ್ಗೆ ಗ್ರೀಕರು ಹೇಳುವ ಕಥೆಯನ್ನು ರೈತರಾದ ನೀವು ಬೇಗ ಒಪ್ಪುತ್ತೀರಿ. ಲೆರೋಸ್ ಎಂಬ ನಡುಗಡ್ಡೆಯಲ್ಲಿ ಮೊಲವೇ ಇರಲಿಲ್ಲವಂತೆ. ಒಬ್ಬ ತರುಣ ಆಸೆಪಟ್ಟು ಗಬ್ಬದ ಮೊಲವೊಂದನ್ನು ತಂದ. ಅವನನ್ನು ನೋಡಿ ಎಲ್ಲರೂ ಸಾಕಿದರು. ಮೇವು ಸಾಲದಾಗಿ ಮೊಲಗಳು ಹೊಲಕ್ಕೆ ನುಗ್ಗಿ ಪೈರೆಲ್ಲ ತಿಂದವು. ಊರಿಗೆ ಹಸಿವು ಬಂತು. ಕೊನೆಗೆ ಜನ ಒಟ್ಟಾಗಿ ಅವನ್ನು ಸಮುದ್ರಕ್ಕೆ ಅಟ್ಟಿದರು, ನೆನಪಿಗೆಂದು ಒಂದನ್ನು ಆಕಾಶದಲ್ಲಿಟ್ಟರು. ಅರಬರು ಇಲ್ಲಿಯ ಚುಕ್ಕೆಗಳಲ್ಲಿ ನೀರು ಕುಡಿಯುವ ಒಂಟೆಗಳನ್ನು ಕಂಡರು. 'ನಿಹಾಲ್' ಎಂಬ ಹೆಸರು ಅಲ್ಲಿಂದ ಬಂದದ್ದು. ಚೀನದವರು ಇದೇ ನಾಲ್ಕು ಚುಕ್ಕೆಗಳಿಗೆ ಪಾಯಖಾನೆ ಎಂದು ಹೆಸರಿಟ್ಟರು, ನಗಬೇಡಿರಿ.

1845ರಲ್ಲಿ ಲಂಡನ್ನಿನ ಜಾನ್ ರಸೆಲ್ ಹಿಂಡ್ ಮೊಲದ ಪಕ್ಕದಲ್ಲಿ ಕಡುಗೆಂಪು ತಾರೆಯೊಂದನ್ನು ಕಂಡು, ರಕ್ತದ ಹನಿಗೆ ಹೋಲಿಸಿದ. ಅದರ ಹೊರಮೈಯ ಇಂಗಾಲವೇ ಆ ಕೆಂಪಿಗೆ ಕಾರಣ. ಸುಮಾರು 14 ತಿಂಗಳಿಗೊಮ್ಮೆ ಬೆಳಗಿ ಮಂಕಾಗುವ ಅದನ್ನು ನೋಡಲು ದುರ್ಬೀನು ಬೇಕು.

ಮೇ ತಿಂಗಳಲ್ಲಿ ಇವೆಲ್ಲ ಸಂಜೆಯ ಬೆಳಕಿನಲ್ಲಿ ಮುಳುಗುತ್ತವೆ. ಜೂನ್ 7–8ರ ಹೊತ್ತಿಗೆ ಸೂರ್ಯ ಮೃಗಶಿರಕ್ಕೆ ಬರುತ್ತಾನೆ. ಆಗ ನೀವು 'ಮಿರಗ ಕೂಡಿತು' ಅನ್ನುತ್ತೀರಿ, ಪಕ್ಕದ ಹೊಲದವರು 'ಮಿರಗ ನಿಘಾಲಾ' ಅನ್ನುತ್ತಾರೆ. ಪುಸ್ತಕಗಳಿಗೆ ಬೇರೆ ಬೇರೆಯಾದ ಹೆಸರು ಕೂರಿಗೆ ಹಿಡಿದವರ ಬಾಯಲ್ಲಿ ಒಂದೇ ಇದೆ. ಆ ದಿನ ನಡು ಮಧ್ಯಾಹ್ನ, ಮೋಡದಾಚೆ, ಬಿಸಿಲಿನ ಹಿಂದೆ, ಜಿಂಕೆ ನಿಮ್ಮ ನೆತ್ತಿಯ ಹತ್ತಿರ ಇರುತ್ತದೆ. ಅದರ ಕಾಲಡಿಗೆ ಮೊಲವೂ ಇರುತ್ತದೆ.