ಗೋಡೆ ಮೇಲಿನ ಬೆಳಕಿನ ಲೆಕ್ಕ: ಪ್ರೊಜೆಕ್ಟರ್ ಕೊಳ್ಳೋಕೆ ಮುಂಚೆ ಓದಿ

(1/4)
ಮನೆಗೊಂದು ಪ್ರೊಜೆಕ್ಟರ್ ತಗೊಳ್ಳೋಣ ಅಂತಿದ್ದೀರಾ? ಬಾಕ್ಸ್ ಮೇಲಿನ ನಂಬರ್ ನೋಡೋಕೆ ಮುಂಚೆ ಮುನ್ನೂರ ಅರವತ್ತು ಚಿಲ್ಲರೆ ವರ್ಷ ಹಿಂದಕ್ಕೆ ಹೋಗಿ ಬರೋಣ. ದುಡ್ಡು ಉಳಿಯುತ್ತೆ, ಬನ್ನಿ.

1659, ನೆದರ್‌ಲ್ಯಾಂಡ್ಸ್. ಕ್ರಿಸ್ಟಿಯಾನ್ ಹೈಗನ್ಸ್ ಅನ್ನೋ ವಿಜ್ಞಾನಿ ತನ್ನ ನೋಟ್‌ಬುಕ್‌ನಲ್ಲಿ ಒಂದು ಅಸ್ಥಿಪಂಜರದ ಚಿತ್ರಗಳನ್ನು ಬರೆದ. ಅದು ತನ್ನ ತಲೆ ತಾನೇ ಕಳಚಿ ಕೈಯಲ್ಲಿ ಹಿಡ್ಕೊಳ್ಳುತ್ತೆ! ಗಾಜಿನ ಮೇಲೆ ಚಿತ್ರ, ಹಿಂದೆ ದೀಪ, ಮುಂದೆ ಲೆನ್ಸ್. ಇದೇ ಮ್ಯಾಜಿಕ್ ಲ್ಯಾಂಟರ್ನ್. ಶನಿಗ್ರಹದ ಸುತ್ತ ಇರೋದು ಉಂಗುರ ಅಂತ ಜಗತ್ತಿಗೆ ವಿವರಿಸಿದವನೂ ಈತನೇ. ಆದ್ರೆ ಲ್ಯಾಂಟರ್ನ್ ಅಂದ್ರೆ ಅವನಿಗೆ ಮಕ್ಕಳಾಟ, ಹೆಸರು ಕೆಡುತ್ತೆ ಅನ್ನೋ ನಾಚಿಕೆ. 1662ರಲ್ಲಿ ಅಪ್ಪ ಅದನ್ನು ಫ್ರಾನ್ಸ್ ಅರಮನೆಯಲ್ಲಿ ತೋರಿಸಬೇಕು ಅಂದಾಗ ಇವನು ತಮ್ಮನಿಗೆ ಕಾಗದ ಬರೆದ: ಒಂದು ಲೆನ್ಸ್ ತೆಗೆದುಬಿಡು, ಕೆಲಸ ಮಾಡದಿರಲಿ ಅಂತ. ಅಪ್ಪನಿಗೆ ‘ಇಲ್ಲ’ ಅನ್ನೋಕೆ ಆಗದ ಮಕ್ಕಳು ಆಗಲೂ ಇದ್ರು ನೋಡಿ.

ಆ ಲ್ಯಾಂಟರ್ನ್‌ನ ದೊಡ್ಡ ಕೊರತೆ ಚಿತ್ರ ಅಲ್ಲ, ಬೆಳಕು. ಎಣ್ಣೆ ದೀಪ ಎಷ್ಟು ತಾನೇ ಎಸೆದೀತು? ಮುಂದಿನ ಇಡೀ ಇತಿಹಾಸ ‘ಇನ್ನೂ ಸ್ವಲ್ಪ ಬೆಳಕು ಬೇಕು’ ಅನ್ನೋ ಪರದಾಟವೇ.

(2/4)
1820ರ ದಶಕದಲ್ಲಿ ಲೈಮ್‌ಲೈಟ್ ಬಂತು. ಉರಿಯೋ ಅನಿಲದ ಜ್ವಾಲೆಯನ್ನು ಸುಣ್ಣದ ತುಂಡಿಗೆ ಹಿಡಿದ್ರೆ ಕಣ್ಣು ಕೋರೈಸೋ ಬೆಳಕು. ಆಮೇಲೆ ಎರಡು ಕಾರ್ಬನ್ ಕಡ್ಡಿಗಳ ನಡುವೆ ಕಿಡಿ ಹಾರಿಸೋ ಆರ್ಕ್ ಲ್ಯಾಂಪ್. 1895ರ ಡಿಸೆಂಬರ್ 28ರಂದು ಲೂಮಿಯೇರ್ ಸಹೋದರರು ಪ್ಯಾರಿಸ್‌ನಲ್ಲಿ ಟಿಕೆಟ್ ಇಟ್ಟು ಸಿನಿಮಾ ತೋರಿಸಿದ್ರು. 1896ರ ಜುಲೈ 7ಕ್ಕೆ ಅದು ಮುಂಬೈನ ವಾಟ್ಸನ್ ಹೋಟೆಲ್‌ಗೆ ಬಂದೇಬಿಡ್ತು. ಟಿಕೆಟ್ ಒಂದು ರೂಪಾಯಿ, ಆಗಿನ ಕಾಲಕ್ಕೆ ಅದು ದೊಡ್ಡವರ ದುಡ್ಡು.

ಮನೆಯೊಳಗೆ ಬರೋಕೆ ಇನ್ನಷ್ಟು ವರ್ಷ ಬೇಕಾಯ್ತು. ಕೊಡಾಕ್ 1923ರಲ್ಲಿ 16 ಎಂಎಂ, 1932ರಲ್ಲಿ 8 ಎಂಎಂ ತಂತು. ಎರಡೂ ಉಳ್ಳವರ ಹವ್ಯಾಸ.

ನಮ್ಮಲ್ಲಿ ಈ ಪಾಠ ಚೆನ್ನಾಗಿ ಗೊತ್ತಿದ್ದದ್ದು ಟೂರಿಂಗ್ ಟಾಕೀಸ್‌ನವರಿಗೆ. ನಿಮ್ಮ ಅಜ್ಜ ಅಜ್ಜಿನ ಕೇಳಿ: ಟೆಂಟ್‌ನಲ್ಲಿ ಮೊದಲ ಆಟ ಶುರುವಾಗ್ತಿದ್ದದ್ದು ಹೊತ್ತು ಮುಳುಗಿದ ಮೇಲೆ. ಯಾಕೆ? ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಎಸೆಯೋಕೆ ಬರಲ್ಲ! ಪರದೆ ಮೇಲೆ ಕಾಣೋ ಕಪ್ಪು ಅಂದ್ರೆ ಬೆಳಕು ಬೀಳದ ಜಾಗ, ಅಷ್ಟೇ. ಕಿಟಕಿಯಿಂದ ಬಿಸಿಲು ಬಿದ್ರೆ ಹೀರೋನ ಕೂದಲೂ ಬೂದಿ ಬಣ್ಣ. ಹಾಗಾಗಿ ನಿಮ್ಮ ಮೊದಲ ಖರ್ಚು ಪ್ರೊಜೆಕ್ಟರ್ ಅಲ್ಲ, ದಪ್ಪ ಪರದೆ ಬಟ್ಟೆ. ಕಿಟಕಿಗೆ.

(3/4)
1970ರ ದಶಕದ ಶುರುವಿನಲ್ಲಿ ಅಮೆರಿಕದ ಹೆನ್ರಿ ಕ್ಲಾಸ್ ‘ಅಡ್ವೆಂಟ್ ವಿಡಿಯೋಬೀಮ್’ ಮಾಡಿದ. ಕೆಂಪು, ಹಸಿರು, ನೀಲಿ ಮೂರು ಟ್ಯೂಬ್, ಎದುರಿಗೆ 7 ಅಡಿಯ ಬಾಗಿದ ಪರದೆ. ಪರದೆ ಬಾಗಿದ್ದದ್ದು ಶೋಕಿಗಲ್ಲ. ಇದ್ದ ಅಷ್ಟಿಷ್ಟು ಬೆಳಕು ಚದುರಿ ಹೋಗದೆ ನೋಡುವವರ ಕಡೆಗೇ ಬರಲಿ ಅಂತ.

1989ರಲ್ಲಿ ಶಾರ್ಪ್, ಎಪ್ಸನ್ ಎಲ್‌ಸಿಡಿ ಪ್ರೊಜೆಕ್ಟರ್ ತಂದವು. ಇನ್ನೊಂದು ಕಡೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಒಂದು ಚಿಪ್ ಮಾಡಿದ್ದ. ಅದರ ಮೇಲೆ ಲಕ್ಷಾಂತರ ಕನ್ನಡಿಗಳು, ಒಂದೊಂದೂ ಕೂದಲೆಳೆಗಿಂತ ಸಣ್ಣದು, ಸೆಕೆಂಡಿಗೆ ಸಾವಿರಾರು ಸಲ ವಾಲಾಡುತ್ತೆ. ಇದೇ ಡಿಎಲ್‌ಪಿ. 1996ರಲ್ಲಿ ಮಾರುಕಟ್ಟೆಗೆ ಬಂತು. ಸದ್ಯ ಅಂಗಡಿಯಲ್ಲಿ ಸಿಗೋದು ಬಹುತೇಕ ಈ ಎರಡು ಮನೆತನದವೇ. ಒಂದೇ ಚಿಪ್‌ನ ಡಿಎಲ್‌ಪಿ ಬಣ್ಣಗಳನ್ನು ಒಂದಾದ ಮೇಲೊಂದು ಎಸೆಯೋದ್ರಿಂದ ಕೆಲವರ ಕಣ್ಣಿಗೆ ಅಂಚಲ್ಲಿ ಕಾಮನಬಿಲ್ಲು ಮಿಂಚುತ್ತೆ. ಅಂಗಡಿಯಲ್ಲೇ ಕಣ್ಣನ್ನು ಸರ್ರಂತ ಆ ಕಡೆ ಈ ಕಡೆ ಆಡಿಸಿ ನೋಡಿ. ಕಂಡ್ರೆ ನಿಮಗೆ ಎಲ್‌ಸಿಡಿಯೇ ಸರಿ. ಮನೆಯವರನ್ನೂ ಕರ್ಕೊಂಡು ಹೋಗಿ, ಎಲ್ಲರ ಕಣ್ಣೂ ಒಂದೇ ಥರ ಇರಲ್ಲ.

ಬಿಕಾಂ ಓದ್ತಿರೋನು ಸವಕಳಿ ಬಗ್ಗೆ ಮಾತಾಡದೆ ಹೋದ್ರೆ ಹೇಗೆ? ಹಳೇ ಥರದ ಲ್ಯಾಂಪ್ 4000 ಗಂಟೆ ಬಾಳುತ್ತೆ ಅಂದುಕೊಳ್ಳಿ. ದಿನಕ್ಕೆ 3 ಗಂಟೆ ಹಾಕಿದ್ರೆ ಮೂರೂವರೆ ವರ್ಷ ದಾಟುತ್ತೆ. ಆದ್ರೆ ಬೆಳಕು ಮೊದಲ ದಿನದಿಂದಲೇ ನಿಧಾನಕ್ಕೆ ಇಳೀತಿರುತ್ತೆ. ಹೊಸ ಲ್ಯಾಂಪ್ ರೇಟ್ ಮೊದಲೇ ಕೇಳ್ಕೊಳ್ಳಿ, ಅದೂ ಬೆಲೆಯ ಭಾಗವೇ. ಎಲ್‌ಇಡಿ, ಲೇಸರ್‌ಗಳಿಗೆ 20,000 ಗಂಟೆ ಅಂತಾರೆ. ಅದೇ ಲೆಕ್ಕದಲ್ಲಿ ಹದಿನೆಂಟು ವರ್ಷ. ಅಷ್ಟರಲ್ಲಿ ಒಳಗೆ ಬೇರೇನೋ ಕೈ ಕೊಟ್ಟಿರುತ್ತೆ ಬಿಡಿ.

(4/4)
ಈಗ ಲ್ಯೂಮೆನ್. ನಮ್ಮ ಕ್ಲಾಸಿನ ನಾಲ್ವರು ಪಿಜಿ ಹುಡುಗರು ಪಾರ್ಟ್‌ಟೈಮ್ ದುಡಿದ ಹಣದಲ್ಲಿ ತಲಾ 2,250 ಹಾಕಿ 9,000ಕ್ಕೆ ಒಂದು ತಗೊಂಡ್ರು. ಬಾಕ್ಸ್ ಮೇಲೆ ‘9000 ಲ್ಯೂಮೆನ್, 4ಕೆ ಸಪೋರ್ಟ್’. ರೂಪಾಯಿಗೊಂದು ಲ್ಯೂಮೆನ್! ಮಧ್ಯಾಹ್ನದ ಮ್ಯಾಚ್‌ನಲ್ಲಿ ಬಾಲೂ ಕಾಣಲಿಲ್ಲ, ಬ್ಯಾಟ್ಸ್‌ಮನ್ನೂ ಕಾಣಲಿಲ್ಲ. ಮಾರಿದವನು ವಾಪಸ್ ತಗೊಳ್ಳಲಿಲ್ಲ.

‘4ಕೆ ಸಪೋರ್ಟ್’ ಅಂದ್ರೆ 4ಕೆ ಫೈಲ್ ಒಳಗೆ ತಗೊಳ್ಳುತ್ತೆ ಅಂತಷ್ಟೇ. ಹೊರಗೆ ತೋರಿಸೋದು ಎಷ್ಟು ಅಂತ ತಿಳೀಬೇಕಾದ್ರೆ ‘ನೇಟಿವ್ ರೆಸಲ್ಯೂಷನ್’ ಕೇಳಿ: 1920×1080 ಇದ್ರೆ ಸಾಕು.

ಲ್ಯೂಮೆನ್‌ಗಾದ್ರೂ ಒಂದು ಕ್ರಮ ಇದೆ. ಆನ್ಸಿ ಪದ್ಧತಿಯಲ್ಲಿ ಬಿಳೀ ಪರದೆಯನ್ನು 9 ಸಮ ಭಾಗ ಮಾಡಿ, ಪ್ರತಿಯೊಂದರ ನಡುವೆ ಲಕ್ಸ್ ಅಳೆದು, ಸರಾಸರಿಯನ್ನು ವಿಸ್ತೀರ್ಣದಿಂದ ಗುಣಿಸ್ತಾರೆ. 100 ಇಂಚಿನ ಪರದೆ ಅಂದ್ರೆ ಸುಮಾರು 2.75 ಚದರ ಮೀಟರ್. ಫೋನಿನ ಲಕ್ಸ್ ಆ್ಯಪ್ ಹಿಡಿದು ನಾವೂ ಅಳೆದ್ವಿ (ಪಕ್ಕಾ ಅಲ್ಲ, ಅಂದಾಜು). ಸರಾಸರಿ 60. ಗುಣಿಸಿ: 165 ಲ್ಯೂಮೆನ್.

ಫಿಲ್ಮ್ ರೀಲಿನ ಕಾಲದಲ್ಲಿ ಥಿಯೇಟರ್ ಪರದೆಗೆ ಇದ್ದ ಮಾನದಂಡ 16 ಫುಟ್-ಲ್ಯಾಂಬರ್ಟ್. ಪೂರ್ತಿ ಕತ್ತಲಲ್ಲಿ, ಸಾಮಾನ್ಯ ಬಿಳೀ ಪರದೆಯ 100 ಇಂಚಿಗೆ ಅದು ಬರೋಕೆ ಬೇಕಾಗೋದು ಬರೀ 475 ಲ್ಯೂಮೆನ್ ಆಸುಪಾಸು. ನಿಜವಾದ ಲ್ಯೂಮೆನ್, ಬಾಕ್ಸಿಂದಲ್ಲ. ಲೈಟ್ ಹಾಕ್ಕೊಂಡು ನೋಡ್ತೀವಿ ಅನ್ನೋರಿಗೆ 2000 ದಾಟಿದ್ರೂ ಸಾಲದೇ ಹೋಗಬಹುದು.

ಕೊಳ್ಳೋಕೆ ಮುಂಚೆ ರೂಮನ್ನೂ ಅಳೀರಿ. 100 ಇಂಚಿನ ಚಿತ್ರದ ಅಗಲ ಏಳೂಕಾಲು ಅಡಿ. ಥ್ರೋ ರೇಷಿಯೋ 1.5 ಇದ್ರೆ ಹತ್ತಿರ ಹತ್ತಿರ 11 ಅಡಿ ಹಿಂದೆ ಇಡಬೇಕು. ಹತ್ತಡಿ ರೂಮಿನವರು ಗೋಡೆ ಒಡೀಬೇಕಾಗುತ್ತೆ.

ನಮ್ಮ ಹುಡುಗರು ಒಡೀಲಿಲ್ಲ. ಪ್ರೊಜೆಕ್ಟರನ್ನು ಮುಂದಕ್ಕೆ ತಂದು ಚಿತ್ರವನ್ನು 60 ಇಂಚಿಗೆ ಇಳಿಸಿದ್ರು, ಕಿಟಕಿಗೆ ಕಪ್ಪು ಬೆಡ್‌ಶೀಟ್ ಕಟ್ಟಿದ್ರು. ಲೆಕ್ಕ ಹಾಕಿದ್ರೆ ಆ ಅಳತೆಗೆ ಅದೇ 165 ಲ್ಯೂಮೆನ್ನು 15 ಫುಟ್-ಲ್ಯಾಂಬರ್ಟ್ ಕೊಡುತ್ತೆ. ಕೊನೇ ಫೋಟೋ ಅವರ ರೂಮಿಂದೇ, ರಾತ್ರಿ ಒಂಬತ್ತಕ್ಕೆ ತೆಗೆದಿದ್ದು. ಬಾಲ್ ಕಾಣ್ತಿದೆ ನೋಡಿ.

#ವಸ್ತುಗಳ_ಇತಿಹಾಸ #ಪ್ರೊಜೆಕ್ಟರ್ #ಕನ್ನಡದಲ್ಲಿ_ಓದಿ