ಹದಿನಾರಾಣೆಯ ಲೆಕ್ಕ

ರೂಪಾಯಿಗೆ ಹದಿನಾರು ಆಣೆಯಿದ್ದ ಕಾಲ 1957ರ ಏಪ್ರಿಲ್ 1ರಂದು ಮುಗಿಯಿತು. ಅಂದಿನಿಂದ ರೂಪಾಯಿಗೆ ನೂರು ನಯಾ ಪೈಸೆಯಾಯಿತು. ಆಣೆ ಹೋದರೂ ಮಾತು ಉಳಿಯಿತು. ಇಪ್ಪತ್ತೈದು ಪೈಸೆಯನ್ನು ನಾವು ನಾಲ್ಕಾಣೆಯೆಂದೇ ಕರೆದೆವು. 2011ರಲ್ಲಿ ಆ ನಾಣ್ಯವೂ ಚಲಾವಣೆಯಿಂದ ಮರೆಯಾಯಿತು. ಇನ್ನು ಹದಿನಾರರ ಎಣಿಕೆಯ ಕಥೆ ಮುಗಿಯಿತೆಂದು ತಿಳಿದವರಿಗೆ ಒಂದು ಸುದ್ದಿ ಹೇಳಬೇಕಾಗಿದೆ. ಅದು ಸತ್ತಿಲ್ಲ, ವೇಷ ಬದಲಿಸಿ ಗಣಕಯಂತ್ರದಲ್ಲಿ ಕುಳಿತಿದೆ.

ಈ ಎಣಿಕೆ ನಮಗೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ಹಾಗ, ವೀಸ ಎಂಬ ಮಾತುಗಳು ಬರುತ್ತವೆ. ಹಣದ ಕಾಲುಭಾಗ ಹಾಗ. ಹದಿನಾರರಲ್ಲೊಂದು ಭಾಗ ವೀಸ. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಕಾಲಿಗೆ ಒಂದು ನಿಂತ ಗೆರೆ, ಅರೆಗೆ ಎರಡು, ಮುಕ್ಕಾಲಿಗೆ ಮೂರು. ವೀಸಗಳಿಗೆ ಅದೇ ರೀತಿ ಓರೆಗೆರೆಗಳು. ಮೂರು ನಿಂತ ಗೆರೆಯ ಜೊತೆಗೆ ಮೂರು ಓರೆಗೆರೆ ಬಂದರೆ ಹದಿನೈದು ವೀಸ. ಅದಕ್ಕೆ ಇನ್ನೊಂದು ವೀಸ ಸೇರಿದರೆ ಇಡಿಯದೊಂದು.

ಹದಿನಾರೇ ಏಕೆ? ಒಂದನ್ನು ಎರಡು ಸಮಭಾಗ ಮಾಡುವುದು ಕಣ್ಣಳತೆಗೆ ಸುಲಭ, ಹತ್ತು ಭಾಗ ಮಾಡುವುದು ಕಷ್ಟ. ನಾಲ್ಕು ಸಲ ಅರ್ಧ ಮಾಡಿದರೆ ಹದಿನಾರು ಭಾಗ ತಾನಾಗಿ ದೊರೆಯುತ್ತದೆ. ಯಂತ್ರದ ಕಷ್ಟವೂ ಇದೇ. ಅದಕ್ಕೆ ಇದೆ, ಇಲ್ಲ ಎಂಬ ಎರಡೇ ಸ್ಥಿತಿಗಳು ಗೊತ್ತು. ಅಂತಹ ಎಂಟು ಸ್ಥಿತಿಗಳ ಗುಂಪು ಒಂದು ಬೈಟ್. ಈ ಹೆಸರನ್ನು 1956ರಲ್ಲಿ ಐಬಿಎಂ ಸಂಸ್ಥೆಯ ವರ್ನರ್ ಬುಕ್‌ಹೋಲ್ಟ್ಸ್ ಇಟ್ಟರು. 1964ರಲ್ಲಿ ಅದೇ ಸಂಸ್ಥೆ ಪ್ರಕಟಿಸಿದ ಸಿಸ್ಟಂ 360 ಎಂಬ ಯಂತ್ರಗಳಿಂದ ಎಂಟರ ಬೈಟೂ ಅದನ್ನು ಹದಿನಾರರ ಲೆಕ್ಕದಲ್ಲಿ ಬರೆಯುವ ರೂಢಿಯೂ ನೆಲೆಗೊಂಡವು. ನಾವು ಆಣೆಯನ್ನು ಬಿಟ್ಟು ಆಗ ಏಳು ವರ್ಷವಾಗಿತ್ತು.

ಬೈಟಿನ ಬೆಲೆ ಸೊನ್ನೆಯಿಂದ 255ರವರೆಗೆ. ಅದನ್ನು ಅಷ್ಟು ಆಣೆಗಳೆಂದು ತಿಳಿದು ರೂಪಾಯಿ, ಆಣೆ ಮಾಡಿದರೆ ಪರಿವರ್ತನೆ ಮುಗಿಯಿತು. 137 ಆಣೆಯೆಂದರೆ ಎಂಟು ರೂಪಾಯಿ ಒಂಬತ್ತಾಣೆ, ಆದ್ದರಿಂದ 89. ಒಂಬತ್ತು ದಾಟಿದ ಮೇಲೆ ಒಂದೇ ಅಂಕಿಯ ಗುರುತು ಇಲ್ಲವಾದುದರಿಂದ ಹತ್ತರಿಂದ ಹದಿನೈದರವರೆಗೆ ಎ, ಬಿ, ಸಿ, ಡಿ, ಇ, ಎಫ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುತ್ತಾರೆ. ಹಾಗಾಗಿ 178 ಆಣೆ, ಅಂದರೆ ಹನ್ನೊಂದು ರೂಪಾಯಿ ಎರಡಾಣೆ, ‘ಬಿ2’ ಆಗುತ್ತದೆ; 224 ಆಣೆ, ಅಂದರೆ ಹದಿನಾಲ್ಕು ರೂಪಾಯಿ, ‘ಇ0’ ಆಗುತ್ತದೆ. ಹಿಂದಿರುಗುವ ದಾರಿಯೂ ಸರಳ. ಎರಡೆರಡು ಗುರುತು ಹಿಡಿದು, ಮೊದಲಿನದನ್ನು ಹದಿನಾರರಿಂದ ಗುಣಿಸಿ ಎರಡನೆಯದನ್ನು ಕೂಡಿಸಿದರಾಯಿತು. ಹೋಗಿ ಬಂದರೂ ವೀಸದಷ್ಟು ನಷ್ಟವಿಲ್ಲ. ಆದರೆ ಸೊನ್ನೆಯ ಬಗ್ಗೆ ಎಚ್ಚರ ಬೇಕು. ಬರಿಯ ಹತ್ತಾಣೆಯನ್ನೂ ‘0ಎ’ ಎಂದೇ ಬರೆಯಬೇಕು. ಸೊನ್ನೆ ಬಿಟ್ಟರೆ ಮುಂದಿನ ಜೋಡಿಗಳೆಲ್ಲ ಒಂದೊಂದು ಮನೆ ಸರಿದು ಲೆಕ್ಕ ಕೆಡುತ್ತದೆ.

ಕೆಂಗೇರಿಯ ಬಳಿಯ ನಮ್ಮ ಉಲ್ಲಾಳದ ಹೆಸರನ್ನೇ ನೋಡಿ. ಕಾಗದದ ಮೇಲೆ ಮೂರಕ್ಷರ. ಯೂನಿಕೋಡಿನಲ್ಲಿ ಒತ್ತು, ದೀರ್ಘಗಳು ಬಿಡಿಬಿಡಿಯಾಗಿ ಆರು ಗುರುತು. ಯುಟಿಎಫ್-8 ಎಂಬ ರೂಢಿಯಲ್ಲಿ ಹದಿನೆಂಟು ಬೈಟು. ಹದಿನಾರರ ಲೆಕ್ಕದಲ್ಲಿ ಮೂವತ್ತಾರು ಅಂಕಿ. ಮೊದಲ ಅಕ್ಷರ ‘ಉ’ ಮೇಲೆ ಹೇಳಿದ ಮೂರು ಬೈಟುಗಳೇ: ಇ0, ಬಿ2, 89. ‘ಲ’ಕಾರದ ಕೊನೆಯ ಬೈಟು 178, ‘ಳ’ಕಾರದ್ದು 179. ನಡುವೆ ಒಂದೇ ಆಣೆಯ ಅಂತರ! ಆ ಒಂದಾಣೆ ಮೂರು ಕಡೆ ಆಚೀಚೆಯಾದರೆ ಬೆಂಗಳೂರಿನ ಉಲ್ಲಾಳ ಮಂಗಳೂರಿನ ಬಳಿಯ, ರಾಣಿ ಅಬ್ಬಕ್ಕನ ಉಳ್ಳಾಲವಾಗುತ್ತದೆ.

ಕನ್ನಡದ ಅಧ್ಯಾಪಕನಿಗೆ ಈ ಲೆಕ್ಕದ ಉಸಾಬರಿ ಏಕೆಂದು ಕೇಳಬಹುದು. ಕಾರಣವಿದೆ. ಯೂನಿಕೋಡಿನ ಮೊದಲ ಆವೃತ್ತಿ ಬಂದುದು 1991ರಲ್ಲಾದರೂ ಕನ್ನಡದ ದಿನಬಳಕೆಗೆ ಅದು ಇಳಿಯಲು ಬಹುಕಾಲ ಹಿಡಿಯಿತು. ಅಷ್ಟರಲ್ಲಿ ಒಂದೊಂದು ತಂತ್ರಾಂಶವೂ ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡ ಅಕ್ಷರದ ತುಣುಕುಗಳನ್ನು ತನ್ನದೇ ಕ್ರಮದಲ್ಲಿ ಕೂರಿಸಿಕೊಂಡಿತು. ಅಂದು ಬೆರಳಚ್ಚಾದ ಪ್ರಬಂಧಗಳನ್ನೂ ನಡವಳಿಗಳನ್ನೂ ಆ ಅಕ್ಷರವಿನ್ಯಾಸವಿಲ್ಲದೆ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಬರಹ ಅಳಿಸಿಹೋಯಿತೆಂದು ಕಡತವನ್ನೇ ಎಸೆಯಬಾರದು. ಹದಿನಾರರ ಲೆಕ್ಕದಲ್ಲಿ ತೆಗೆದು ನೋಡಿದರೆ ಬೈಟುಗಳು ಇಟ್ಟಲ್ಲಿಯೇ ಇರುತ್ತವೆ. ಕಳೆದುಹೋಗಿರುವುದು ಬರಹವಲ್ಲ, ಬರೆದವನಿಗೂ ಓದುವವನಿಗೂ ನಡುವೆ ಇದ್ದ ಒಪ್ಪಂದ. ಹಳೆಯ ಲೆಕ್ಕದ ಪುಸ್ತಕದಲ್ಲಿ ಗೆರೆಗಳನ್ನು ಎಣಿಸಬಹುದು. ಅವು ಹಣದ ವೀಸವೋ ಬೇರೆ ಯಾವುದರ ವೀಸವೋ ಎಂಬುದನ್ನು ಗೆರೆ ಹೇಳುವುದಿಲ್ಲ. ಬೈಟಿನ ಸ್ವಭಾವವೂ ಹಾಗೆಯೇ.

ಹೆಚ್ಚು ಬಳಕೆಯಲ್ಲಿದ್ದ ವಿನ್ಯಾಸಗಳಿಗೆ ಪರಿವರ್ತಕಗಳಿವೆ. ಆ ಕ್ರಮವನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಮನೆಯಲ್ಲಿಯೋ ಸಂಸ್ಥೆಯಲ್ಲಿಯೋ ಅಂತಹ ಕಡತಗಳುಳ್ಳವರು ಅವನ್ನು ಈಗಲೇ ಯೂನಿಕೋಡಿಗೆ ತಂದು, ಮೂಲವನ್ನೂ ಜೊತೆಗಿಟ್ಟು, ಅದು ಯಾವ ತಂತ್ರಾಂಶದಲ್ಲಿ ಬರೆದುದೆಂದು ಒಂದು ಸಾಲು ಬರೆದಿಡುವುದು ಒಳ್ಳೆಯದು. ನಿಂತ ಗೆರೆ, ಓರೆಗೆರೆಗಳನ್ನು ಕಂಡೊಡನೆ ಓದಬಲ್ಲ ಹಿರಿಯರನ್ನು ಇಂದು ಹುಡುಕಿಕೊಂಡು ಹೋಗಬೇಕಾಗಿದೆ.